ರೊಟ್ಟಿ ಬಿಡಬೇಡಿ, ಬ್ಯಾಳಿ ಗಟ್ಟಿ ಮಾಡಿ

ಜಿಮ್‌ಗೆ ಹೋಗುವ ಹುಡುಗರ ಮೊಬೈಲ್‌ನಲ್ಲಿ ಈಗ ಒಂದೇ ಜಪ: ಬಲ್ಕಿಂಗ್, ಅಂದರೆ ಹೆಚ್ಚು ತಿಂದು ತೂಕ, ಸ್ನಾಯು ಬೆಳೆಸುವುದು. ದಿನಕ್ಕೆ ಎಂಟು ಮೊಟ್ಟೆ, ಅರ್ಧ ಕಿಲೋ ಚಿಕನ್, ಓಟ್ಸ್, ಪೀನಟ್ ಬಟರ್, ಮೇಲೊಂದು ಡಬ್ಬಿ ವೇ ಪೌಡರ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ರೊಟ್ಟಿ, ಅನ್ನ ಮುಟ್ಟಲೇಬೇಡಿ ಅನ್ನುವ ರೀಲ್ಸ್‌ಗಳೂ ಇವೆ. ಕಲಬುರಗಿಯಲ್ಲಿ ಕೂತು ಇದನ್ನು ನೋಡಿದರೆ ನಗು ಬರುತ್ತದೆ. ಇದು ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿದೆ. ಪೀನಟ್ ಬಟರ್ ಅಂದರೂ ಶೇಂಗಾನೇ, ಅಲ್ವಾ? ಮನೆಯ ಶೇಂಗಾ ಹಿಂಡಿಯಲ್ಲಿ ಇರುವುದೂ ಅದೇ.

ಹಾಗಂತ ರೀಲ್ಸ್ ಹೇಳುವುದೆಲ್ಲ ಸುಳ್ಳಲ್ಲ. ಸ್ನಾಯು ಬೆಳೆಯಲು ಪ್ರೋಟೀನ್ ಜಾಸ್ತಿ ಬೇಕು ಅನ್ನುವುದು ನಿಜ. ಎಷ್ಟು ಜಾಸ್ತಿ ಅನ್ನುವುದನ್ನು ಮೊದಲು ಲೆಕ್ಕ ಹಾಕಿಕೊಳ್ಳಿ. ಸಾಮಾನ್ಯ ಆರೋಗ್ಯಕ್ಕೆ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಹೇಳುವುದು ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ 1.6 ಗ್ರಾಂ ಸಾಕು. ನಿಮ್ಮ ತೂಕ 60 ಕಿಲೋ ಇದ್ದರೆ 96 ಗ್ರಾಂ. ಇನ್ನೂರು ಗ್ರಾಂ ತಿನ್ನಿ ಅನ್ನುವವನ ಮಾತು ಕೇಳಿದರೆ ಖಾಲಿಯಾಗುವುದು ನಿಮ್ಮ ಜೇಬು ಮಾತ್ರ.

ಈಗ ನಿನ್ನೆ ಏನೇನು ತಿಂದಿರಿ ಎಂದು ಒಂದು ಚೀಟಿಯಲ್ಲಿ ಬರೆಯಿರಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಐದು ರೊಟ್ಟಿ ತಿಂದರೆ 25 ಗ್ರಾಂ ಅಲ್ಲೇ ಬಂತು. ರೊಟ್ಟಿ ಬಿಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ಲೈಸಿನ್ ಹೆಸರು ಕೇಳಿರಲಿಲ್ಲ, ಆದರೂ ಎರಡನ್ನೂ ಒಂದೇ ತಾಟಿನಲ್ಲಿ ಬಡಿಸಿದರು.

ಮುಂದಿನದು ಬೇಳೆ. ಎಲ್ಲರೂ ಎಡವುವುದು ಇಲ್ಲೇ. 100 ಗ್ರಾಂ ಹಸಿ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ಬಟ್ಟಲಿಗೆ ಬರುವುದು ಬೇಳೆಯಲ್ಲ, ಬೇಳೆ ಕಟ್ಟು. ಸಾರಿನ ಪಾತ್ರೆ ಹತ್ತು ನಿಮಿಷ ಹಾಗೇ ಇಟ್ಟು ನೋಡಿ: ಮೇಲೆ ಒಗ್ಗರಣೆಯ ಎಣ್ಣೆ, ನಡುವೆ ಹಳದಿ ನೀರು, ತಳದಲ್ಲಿ ಬೆಂದ ಬೇಳೆ. ಮೇಲಿನಿಂದ ಎರಡು ಸೌಟು ಹಾಕಿಕೊಂಡವನಿಗೆ 3 ಗ್ರಾಂ ಸಿಕ್ಕರೆ ಹೆಚ್ಚು. ಅದಕ್ಕೇ ಹಸಿ ಬೇಳೆಯನ್ನೇ ತೂಗಿ. ಒಬ್ಬರಿಗೆ ಒಂದು ಹೊತ್ತಿಗೆ 50 ಗ್ರಾಂ. ಬೇಯಿಸುವ ಮೊದಲು ಅರ್ಧ ತಾಸು ನೆನೆಸಿ, ನೀರು ಕಡಿಮೆ ಇಟ್ಟು ಗಟ್ಟಿ ಮಾಡಿ, ಬಡಿಸುವಾಗ ಸೌಟು ತಳಕ್ಕೆ ಮುಟ್ಟಲಿ. “ಬ್ಯಾಳಿ ಇಷ್ಟು ಗಟ್ಟಿ ಮಾಡಿದ್ರ ಮನಿ ಮಂದಿಗೆಲ್ಲ ಹ್ಯಾಂಗ ಸಾಲ್ತದೋ?” ಎಂದು ಅವ್ವ ಕೇಳುವುದು ಗ್ಯಾರಂಟಿ. ವೇ ಡಬ್ಬಿಯ ಬೆಲೆ ಹೇಳಿ, ಸುಮ್ಮನಾಗುತ್ತಾರೆ. ಒಂದೇ ದಿನ ಬೇಳೆ ಡಬಲ್ ಮಾಡಬೇಡಿ, ಹೊಟ್ಟೆ ಉಬ್ಬುತ್ತದೆ. ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ.

ಎರಡು ಹೊತ್ತಿನ ಬೇಳೆ ಸೇರಿದರೆ ರೊಟ್ಟಿಯ ಜೊತೆ 47 ಗ್ರಾಂ ಆಯಿತು. ಉಳಿದದ್ದನ್ನು ಹೀಗೆ ತುಂಬಿಸಬಹುದು: ಮೂರು ಮೊಟ್ಟೆಗೆ 18, ಒಣ ಸೋಯಾ ಚಂಕ್ಸ್ 30 ಗ್ರಾಂಗೆ 15, ಒಂದು ದೊಡ್ಡ ಬಟ್ಟಲು ಮೊಸರಿಗೆ 6, ಒಂದು ಹಿಡಿ ಶೇಂಗಾಕ್ಕೆ 7. ಗುರಿ ಹತ್ತಿರವೇ ಬಂತು. ಒಂದು ಲೋಟ ಹಾಲು ಕುಡಿದರೆ ದಾಟಿತು. ಮೊಟ್ಟೆ ತಿನ್ನದ ಮನೆಯವರು, ಶ್ರಾವಣದಲ್ಲಿ ಬಿಡುವವರು ಪುಠಾಣಿ, ಪನೀರ್ ಹೆಚ್ಚಿಸಿಕೊಳ್ಳಿ. ಮೊಳಕೆ ಬರಿಸಿದ ಮಡಕಿ ಕಾಳಿನ ಪಲ್ಯವೂ ಇದೆಯಲ್ಲ. ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯುವ ರೀಲ್ಸ್ ನೋಡಿ ಮರುಳಾಗಬೇಡಿ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಮೈಗೆ ಹತ್ತುವಷ್ಟು ಹಸಿ ಮೊಟ್ಟೆಯದು ಹತ್ತುವುದಿಲ್ಲ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

ತೂಕ ಏರಬೇಕಾದರೆ ಈಗ ತಿನ್ನುವುದಕ್ಕಿಂತ ದಿನಕ್ಕೆ 300 ಕ್ಯಾಲೊರಿಯಷ್ಟು ಮಾತ್ರ ಹೆಚ್ಚು ಬೇಕು. ಒಂದು ರೊಟ್ಟಿ, ಒಂದು ಲೋಟ ಹಾಲು, ಅಷ್ಟೇ. ಬಲ್ಕಿಂಗ್ ಹೆಸರಲ್ಲಿ ದಿನಾ ಸಂಜೆ ಸುಸಲಾ, ಮಿರ್ಚಿ ಭಜಿ ಹೊಡೆದರೆ ಬೆಳೆಯುವುದು ಹೊಟ್ಟೆ. ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಏರಿದರೆ ಸರಿಯಾದ ದಾರಿಯಲ್ಲಿದ್ದೀರಿ.

ಭಾರ ಎತ್ತದೆ ಇಷ್ಟೆಲ್ಲ ತಿಂದರೆ ಅದು ಬೊಜ್ಜಾಗುತ್ತದೆ. ವಾರಕ್ಕೆ ಮೂರು ದಿನ ಸಾಕು. ಜಿಮ್ ಆಗಲಿ, ಓಣಿಯ ತಾಲೀಮು ಆಗಲಿ, ಕಾಲು, ಎದೆ, ಬೆನ್ನು, ಭುಜ ಎಲ್ಲಕ್ಕೂ ವಾರದಲ್ಲಿ ಎರಡು ಸಲವಾದರೂ ಕೆಲಸ ಸಿಗಲಿ. ಎಂಟು ಸಲ ಎತ್ತಲು ಆಗುವ ತೂಕದಿಂದ ಶುರು ಮಾಡಿ. ಅದನ್ನೇ ಹನ್ನೆರಡು ಸಲ ಎತ್ತಲು ಬಂದ ದಿನ ಎರಡೂವರೆ ಕಿಲೋ ಏರಿಸಿ. ಇದನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಆರು ತಿಂಗಳು ಅದೇ ಡಂಬೆಲ್ ಎತ್ತಿದರೆ ತೋಳೂ ಅಷ್ಟೇ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ವ್ಯಾಯಾಮ ಬೆಳಗಿನ ಜಾವ ಮುಗಿಯಲಿ. ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ.

ಪೌಡರ್ ಕೊನೆಗೆ. ತಾಟಿನಲ್ಲಿ ಲೆಕ್ಕ ಕೂಡದಿದ್ದರೆ ಮಾತ್ರ ತನ್ನಿ. ಡಬ್ಬಿಯ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯೇ, ಸೀಲ್ ಒಡೆದಿದೆಯೇ ನೋಡಿ. ಒಣ ಪೌಡರ್ ಬಾಯಿಗೆ ಸುರಿದುಕೊಳ್ಳುವ ಡ್ರೈ ಸ್ಕೂಪ್ ಹುಚ್ಚು ಬೇಡವೇ ಬೇಡ. ಪುಡಿ ಉಸಿರಿನ ನಾಳಕ್ಕೆ ಹೋಗಬಹುದು, ವ್ಯಾಯಾಮಕ್ಕೆ ಮೊದಲು ತೆಗೆದುಕೊಳ್ಳುವ ಪ್ರೀ ವರ್ಕೌಟ್‌ನ ಕೆಫೀನ್ ಎದೆಬಡಿತ ಏರಿಸುತ್ತದೆ. ಲೇಬಲ್ ಇಲ್ಲದ ಪೊಟ್ಟಣವನ್ನೋ, ಇಂಜೆಕ್ಷನ್ ಅನ್ನೋ ಯಾರಾದರೂ ಕೈಗಿಟ್ಟರೆ ಅಲ್ಲಿಂದಲೇ ಎದ್ದು ಬನ್ನಿ. ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆ ಇರುವವರು ಬೇಳೆ ಗಟ್ಟಿ ಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು.