32 ಜನ, ಒಂದು ಶ್ರುತಿ: ಸಮೂಹ ಗಾಯನ ಶಿಬಿರದ ನನ್ನ ಅನುಭವ

ನಾನು ಮೈಸೂರಿನಲ್ಲಿ ಮನೆಯಲ್ಲೇ ಸುಗಮ ಸಂಗೀತ ಹೇಳಿಕೊಡುತ್ತೇನೆ. ಹೋದ ವರ್ಷ ರಾಜ್ಯೋತ್ಸವಕ್ಕೆ ಇನ್ನೊಂದು ತಿಂಗಳಿರುವಾಗ ನಮ್ಮ ಬಡಾವಣೆಯವರು ಬಂದರು. "ಮೇಡಂ, ಈ ಸಲ ಪೆನ್‌ಡ್ರೈವ್ ಹಾಕಿ ಹಾಡಿಸೋದು ಬೇಡ. ನಾವೇ ಹಾಡ್ತೀವಿ, ನೀವು ಕಲಿಸಿ" ಎಂದರು. ನಾಲ್ಕು ಭಾನುವಾರ, ಬೆಳಿಗ್ಗೆ ಹೊತ್ತು ಎರಡೂವರೆ ಗಂಟೆ ಕಾಲ ಅಂತ ನಿಗದಿಯಾಯಿತು. 32 ಜನ ಹೆಸರು ಕೊಟ್ಟರು. 19 ಹೆಂಗಸರು, 13 ಗಂಡಸರು. ಸಂಗೀತ ಕಲಿತವರು ಐದಾರು ಜನ ಇರಬಹುದು, ಅಷ್ಟೇ.

ಮೊದಲ ಭಾನುವಾರ ನಾನು ತಪ್ಪು ಮಾಡಿದೆ. ನೇರವಾಗಿ ಹಾಡು ಶುರು ಮಾಡಿಸಿದೆ, ಅದೂ ನನ್ನ ಐದು ಮನೆ ಶ್ರುತಿಯಲ್ಲಿ. ಮನೆ ಅಂದರೆ ಹಾರ್ಮೋನಿಯಂನ ಬಿಳಿ ಕೀಲಿ, ನಡುವಿನ ಕಪ್ಪು ಕೀಲಿ ಅರ್ಧ ಮನೆ; ಸಂಖ್ಯೆ ಏರಿದಂತೆ ಶ್ರುತಿಯೂ ಏರುತ್ತದೆ. ಅರ್ಧ ಗಂಡಸರು ಗಂಟಲು ಹರಿಯುವಂತೆ ಮೇಲೆ ಹಾಡಿದರು. ಇನ್ನರ್ಧ ಕೆಳಗಿನ ಸ್ಥಾಯಿಗೆ (ಏಳು ಸ್ವರಗಳ ಒಂದು ಸುತ್ತಿಗೆ ಸ್ಥಾಯಿ ಎನ್ನುತ್ತೇವೆ) ಇಳಿದು, ದನಿಯೇ ಕೇಳದಂತಾಯಿತು. ಎರಡು ಮನೆಗೆ ಇಳಿಸಿದೆ. ಈಗ ಹೆಂಗಸರ ದನಿ ಅಡಗಿತು. ನಮ್ಮಲ್ಲಿ ಸಾಮಾನ್ಯವಾಗಿ ಹೆಂಗಸರು ಐದರಿಂದ ಆರು ಮನೆಯಲ್ಲಿ ಹಾಡುತ್ತಾರೆ, ಗಂಡಸರು ಒಂದರಿಂದ ಎರಡರಲ್ಲಿ. ಒಬ್ಬೊಬ್ಬರಿಗೇ ಪಾಠ ಹೇಳುವಾಗ ಇದು ತೊಂದರೆಯೇ ಅಲ್ಲ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದಾಗ ಇದೇ ದೊಡ್ಡ ಸಮಸ್ಯೆ.

ಹಾಡು ನಿಲ್ಲಿಸಿ ನೋಟ್‌ಬುಕ್ ತೆಗೆದೆ. ಒಬ್ಬೊಬ್ಬರನ್ನೇ ಹಾರ್ಮೋನಿಯಂ ಹತ್ತಿರ ಕರೆದು, ಆರಾಮವಾಗಿ ಎಷ್ಟು ಕೆಳಗೆ ಇಳಿಯುತ್ತಾರೆ, ಎಷ್ಟು ಮೇಲೆ ಹೋಗುತ್ತಾರೆ ಅಂತ ಬರೆದುಕೊಂಡೆ. ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಆದರೆ ಆ ಒಂದು ಗಂಟೆಯೇ ಇಡೀ ಶಿಬಿರವನ್ನು ಉಳಿಸಿತು. ಹೆಚ್ಚು ಕಡಿಮೆ ಎಲ್ಲರ ದನಿಗೂ ಸಿಗುವ ಜಾಗ ಒಂದೇ ಒಂದು ಸ್ಥಾಯಿ: ನಾಲ್ಕು ಮನೆಯಿಂದ ಮೇಲಿನ ನಾಲ್ಕು ಮನೆವರೆಗೆ. ಹಾಗಾದರೆ ಹಾಡು ಅದರೊಳಗೇ ಇರಬೇಕು. ಕೆಳಗಿನ ಮಂದ್ರಸ್ಥಾಯಿಗೆ ಇಳಿದು, ಮೇಲಿನ ತಾರಸ್ಥಾಯಿಯ ಗಾಂಧಾರ (ಗ) ಮುಟ್ಟುವ ಭಾವಗೀತೆಗಳನ್ನೆಲ್ಲ ಕೈಬಿಟ್ಟೆ. ಕೆಲವರಿಗೆ ಬೇಜಾರಾಯಿತು, ನನಗೂ ಆಯಿತು.

ಆಗ ಕೈ ಹಿಡಿದದ್ದು ಜನಪದ ಹಾಡು. ನಮ್ಮ ಸೋಬಾನೆ ಪದ, ಕೋಲಾಟದ ಪದಗಳಲ್ಲಿ ಹೆಚ್ಚಿನವು ಐದಾರು ಸ್ವರಗಳಲ್ಲೇ ಮುಗಿಯುತ್ತವೆ. ಒಬ್ಬರು ಸೊಲ್ಲು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಒಂದು ಗುಂಪು ಹಾಡುವಾಗ ಇನ್ನೊಂದು ಗುಂಪು ಉಸಿರು ತಗೊಳ್ಳುತ್ತದೆ. ಒಟ್ಟಾಗಿ ಹಾಡುವುದಕ್ಕೆಂದೇ ಬೆಳೆದ ಹಾಡುಗಳು ಅವು. ಎರಡು ಪದ ಆರಿಸಿಕೊಂಡೆ.

ನಾಡಗೀತೆಯನ್ನು ಮಾತ್ರ ಬಿಡುವ ಹಾಗಿರಲಿಲ್ಲ. ಅಲ್ಲಿ ಎತ್ತರದ ಸಾಲು ಬಂದಾಗ ಗಂಡಸರು ಕೆಳಗಿನ ಸ್ಥಾಯಿಗೆ ಇಳಿಯಲಿ ಎಂದೆ. ಆದರೆ ಇನ್ನೊಂದು ತೊಡಕು ಎದುರಾಯಿತು. ಕುವೆಂಪು ಅವರ ಈ ಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿಯೂ ಇದೆ, ಸಿ. ಅಶ್ವಥ್ ಅವರ ಧಾಟಿಯೂ ಇದೆ. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನೇ ಹಾಡಬೇಕು, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಎಂದು ಗೊತ್ತು ಮಾಡಿತು. ನಮ್ಮ ಗುಂಪಿನವರ ಕಿವಿಯಲ್ಲಿ ಎರಡೂ ಧಾಟಿಗಳು ಕೂತಿದ್ದವು. ಒಂದು ಸಾಲು ಹೀಗೆ, ಇನ್ನೊಂದು ಹಾಗೆ. ತಿದ್ದುತ್ತಾ ಕೂರಲಿಲ್ಲ. ಧಾಟಿಯನ್ನೇ ಬಿಟ್ಟು, ಬರೀ ಮಾತನ್ನು ತಾಳಕ್ಕೆ ಹೇಳಿಸಿದೆ. ಎರಡನೇ ಭಾನುವಾರ ಅರ್ಧ ಗಂಟೆ ಅದೇ ಕೆಲಸ. ಆಮೇಲೆ ಸಾಲು ಸಾಲಾಗಿ ಸ್ವರ ಸೇರಿಸಿದೆ.

ಮೊದಲ ಸಲ ಪೂರ್ತಿ ಹಾಡಿದಾಗ 3 ನಿಮಿಷ 10 ಸೆಕೆಂಡ್ ಹಿಡಿಯಿತು. ಯಾರೂ ಬೇಕೆಂದು ನಿಧಾನ ಮಾಡಿರಲಿಲ್ಲ. ಪಕ್ಕದವರು ಶುರು ಮಾಡಲಿ ಅಂತ ಪ್ರತಿಯೊಬ್ಬರೂ ಒಂದು ಕ್ಷಣ ಕಾಯುತ್ತಾರೆ. ಸಾಲು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಉಸಿರು ಎಳೆಯುತ್ತಾರೆ. ಆ ಚೂರು ಚೂರೇ ಸೇರಿ 40 ಸೆಕೆಂಡ್ ಆಗಿತ್ತು. ಅಕ್ಕಪಕ್ಕದವರು ಒಂದೇ ಜಾಗದಲ್ಲಿ ಉಸಿರು ತಗೊಳ್ಳಬಾರದು ಎಂಬ ನಿಯಮ ಮಾಡಿದೆ. ನೀವು ಸಾಲಿನ ನಡುವೆ ತಗೊಂಡರೆ ಅವರು ಕೊನೆಯಲ್ಲಿ. ನಾಲ್ಕನೇ ವಾರಕ್ಕೆ 2 ನಿಮಿಷ 34 ಸೆಕೆಂಡಿಗೆ ಬಂತು.

ಕನ್ನಡದ್ದೇ ಆದ ಒಂದು ಕಷ್ಟವೂ ಇದೆ. ನಮ್ಮ ಮಾತುಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಕೊನೆಯ 'ಎ', 'ಇ'ಗಳನ್ನು ಒಬ್ಬರು ಎಳೆಯುತ್ತಾರೆ, ಒಬ್ಬರು ಬೇಗ ಬಿಡುತ್ತಾರೆ. ಕೇಳುವವರಿಗೆ ಸಾಲಿನ ಬಾಲ ಚದುರಿದ ಹಾಗೆ ಅನಿಸುತ್ತದೆ. ಎಷ್ಟನೇ ಎಣಿಕೆಗೆ ಬಾಯಿ ಮುಚ್ಚಬೇಕು ಅಂತ ಹಾಡಿನ ಹಾಳೆಯ ಮೇಲೇ ಬರೆಸಿದೆ. ಗಮಕವೂ, ಅಂದರೆ ಸ್ವರವನ್ನು ಆಡಿಸಿ ಹಾಡುವುದೂ ಅಷ್ಟೇ. 32 ಜನ 32 ಥರ ಗಮಕ ಹಾಕಿದರೆ ಹಾಡು ಕಲಸಿಹೋಗುತ್ತದೆ. ಸ್ವರವನ್ನು ನೇರವಾಗಿ ಹಿಡಿಯಿರಿ ಎಂದೆ. ಸಂಗೀತ ಕಲಿತವರಿಗೇ ಇದು ಜಾಸ್ತಿ ಕಷ್ಟವಾಯಿತು.

ಕೊನೆಯ ಸಾಲಿನಲ್ಲಿ 68 ವರ್ಷದ ಒಬ್ಬರು ಇದ್ದರು. ಬರೀ ತುಟಿ ಆಡಿಸುತ್ತಿದ್ದರು. ವಿರಾಮದಲ್ಲಿ ಕೇಳಿದೆ. "ನಂಗೆ ಶ್ರುತಿ ಸೇರಲ್ಲ ಮೇಡಂ. ಸ್ಕೂಲಲ್ಲೇ ಹೇಳಿಬಿಟ್ಟಿದ್ರು. ಸುಮ್ನೆ ಜೊತೆಗೆ ನಿಲ್ಲೋಣ ಅಂತ ಬಂದೆ" ಎಂದರು. ನಾನು ಷಡ್ಜ (ಆಧಾರ ಸ್ವರ 'ಸ') ಕೊಟ್ಟು "ಇದನ್ನು ಹಿಡಿಯಿರಿ ಸರ್" ಎಂದರೆ ಅವರಿಗೆ ಸಿಗುತ್ತಲೇ ಇರಲಿಲ್ಲ. ಹೆಂಗಸಿನ ದನಿಯಲ್ಲಿ ಅವರಿಗೆ ತಮ್ಮ ಸ್ವರದ ಜಾಗ ಗೊತ್ತಾಗುತ್ತಿರಲಿಲ್ಲ. ಕ್ರಮವನ್ನೇ ತಿರುಗಿಸಿ ನೋಡಿದೆ. "ನಿಮಗೆ ಬಂದ ಹಾಗೆ 'ಆ' ಅನ್ನಿ, ಬಿಡಬೇಡಿ." ಅವರ ದನಿ ಎರಡೂವರೆ ಮನೆಯಲ್ಲಿ ನಿಂತಿತು. ನಾನೇ ಹಾರ್ಮೋನಿಯಂನಲ್ಲಿ ಅಲ್ಲಿಗೆ ಹೋದೆ. ಅಕ್ಕಪಕ್ಕದ ಇಬ್ಬರು ಗಂಡಸರಿಗೂ ಅದೇ ಸ್ವರ ಹಾಡಲು ಹೇಳಿದೆ. ಮೂರು ದನಿ ಸೇರಿದ್ದು ಅವರಿಗೇ ಗೊತ್ತಾಯಿತು. ಹಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮತ್ತೆ ಶುರು ಮಾಡಿ, ಅರ್ಧರ್ಧ ಮನೆ ಮೇಲೆ ಹತ್ತುತ್ತಾ, ಹತ್ತು ನಿಮಿಷದಲ್ಲಿ ನಾಲ್ಕು ಮನೆ ಮುಟ್ಟಿದೆವು. ಆಮೇಲೆ ಗಟ್ಟಿ ದನಿಯ ಒಬ್ಬರನ್ನು ಅವರ ಹಿಂದೆ ನಿಲ್ಲಿಸಿದೆ. ದನಿ ಮುಂದಕ್ಕೆ ಹೋಗುತ್ತದೆ ಅಲ್ವಾ, ಹಿಂದಿನಿಂದ ಕಿವಿಗೆ ಬೀಳುತ್ತಿದ್ದರೆ ಜಾಡು ತಪ್ಪುವುದಿಲ್ಲ.

ಮೂರನೇ ವಾರ ನನಗೆ ತುಂಬಾ ಇಷ್ಟವಾದ ಪಾಠ ಮಾಡಿದೆ. ಮೋಹನ ರಾಗದ ಸರಳೆ (ಸ್ವರಾಭ್ಯಾಸದ ಪಾಠ) ಹೇಳಿಕೊಟ್ಟು, ಎರಡು ಗುಂಪು ಮಾಡಿ, ಎರಡನೇ ಗುಂಪು ಒಂದು ಆವರ್ತ (ತಾಳದ ಒಂದು ಸುತ್ತು) ಬಿಟ್ಟು ಶುರು ಮಾಡಲಿ ಎಂದೆ. ಮೋಹನದಲ್ಲಿ ಸ ರಿ ಗ ಪ ದ, ಐದೇ ಸ್ವರ. ಅರ್ಧ ಮನೆ ಅಂತರದಲ್ಲಿ ಯಾವ ಎರಡು ಸ್ವರವೂ ಇಲ್ಲ. ಹಾಗಾಗಿ ಯಾವುದರ ಮೇಲೆ ಯಾವುದು ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ. ಕೆಲವರು ಪಕ್ಕದ ಗುಂಪಿನ ದನಿ ಬೇಡ ಅಂತ ಕಿವಿ ಮುಚ್ಚಿಕೊಂಡರು. ಕೈ ತೆಗೆಸಿದೆ. ಅವರ ದನಿ ಕೇಳುತ್ತಲೇ ನಿಮ್ಮ ಸಾಲು ಹಾಡಬೇಕು, ಪಕ್ಕದವರು ಕೇಳಿಸುತ್ತಿಲ್ಲ ಎಂದರೆ ನಿಮ್ಮ ದನಿ ಜಾಸ್ತಿಯಾಗಿದೆ ಎಂದರ್ಥ ಎಂದೆ. ಸಮೂಹ ಗಾಯನದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಗೊತ್ತಿಲ್ಲ. ನಾಲ್ಕೈದು ಸಲ ಎಡವಿದ ಮೇಲೆ ಕೂಡಿ ಬಂತು. ಇಡೀ ಕೋಣೆ ತುಂಬಿತು.

ನವೆಂಬರ್ 1ರಂದು ಮೈಕಿನವರು ಎರಡು ಮೈಕ್ ತಂದು ಮುಂದಿನ ಸಾಲಿನ ಇಬ್ಬರ ಬಾಯಿಗೆ ಹಿಡಿದ ಹಾಗೆ ಇಟ್ಟರು. ಹಾಗಿಟ್ಟರೆ ಆ ಇಬ್ಬರ ಹಾಡು ಮಾತ್ರ ಕೇಳುತ್ತದೆ. ಮೈಕುಗಳನ್ನು ನಮ್ಮಿಂದ ಐದಾರು ಅಡಿ ದೂರಕ್ಕೆ, ತಲೆಗಿಂತ ಮೇಲಕ್ಕೆ ಇಡಿಸಿದೆ. ಸ್ಪೀಕರ್‌ಗಳನ್ನು ನಮ್ಮ ಮುಂದೆ, ಜನರ ಕಡೆಗೆ ತಿರುಗಿಸಿದ್ದರಿಂದ ಕುಯ್ ಎನ್ನುವ ಶಬ್ದ ಬರಲಿಲ್ಲ. ನಾಡಗೀತೆ ಚೆನ್ನಾಗಿ ಬಂತು. ಎರಡನೇ ಕೋಲಾಟದ ಪದಕ್ಕೆ ಸೊಲ್ಲು ಎತ್ತಿಕೊಟ್ಟ ನಾಲ್ವರಲ್ಲಿ ಆ 68 ವರ್ಷದವರೂ ಇದ್ದರು.

ಈಗ ತಿಂಗಳಿಗೆ ಎರಡು ಸಲ ಸೇರುತ್ತೇವೆ. ಹಾರ್ಮೋನಿಯಂ ಇಲ್ಲದೆ ಹಾಡಿದರೆ ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಅರ್ಧ ಮನೆ ಇಳಿದಿರುತ್ತದೆ. ಅವರೋಹದ, ಅಂದರೆ ಸ್ವರ ಕೆಳಗಿಳಿಯುವ ಸಾಲುಗಳಲ್ಲಿ ಪ್ರತಿ ಸಲ ಚೂರು ಚೂರು ಜಾರುತ್ತದೆ. ಸದ್ಯಕ್ಕೆ ನಾಲ್ಕು ಜನ ಬರೀ ಷಡ್ಜ ಹಿಡಿದು ನಿಲ್ಲುವ ಹಾಗೆ ಮಾಡಿ ನೋಡುತ್ತಿದ್ದೇನೆ. ಹೋದ ಭಾನುವಾರ ಎರಡು ಚರಣದವರೆಗೆ ಶ್ರುತಿ ನಿಂತಿತ್ತು.