ಒತ್ತಡಕ್ಕೊಳಗಾದ ಬ್ಯಾಕ್ಟೀರಿಯಾಗಳಲ್ಲಿ ಉಳಿದವು ಎಷ್ಟು: ಲೆಕ್ಕ ಹಾಕುವ ಬಗೆ

ಬಿಸಿ, ಆಮ್ಲ, ಉಪ್ಪು, ಒಣಹವೆ — ಒತ್ತಡ ಯಾವುದೇ ಇರಲಿ, ನಾವು ಎಣಿಸುವುದು ಪೋಷಕ ಮಾಧ್ಯಮ ತುಂಬಿದ ತಟ್ಟೆಯ ಮೇಲೆ ಮೂಡಿದ ಕಾಲೊನಿಗಳನ್ನು, ಅಂದರೆ ಬದುಕುಳಿದ ಕೋಶಗಳು ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಗಳನ್ನು. ಬದುಕಿದ್ದೂ ಆ ಮಾಧ್ಯಮದಲ್ಲಿ ಬೆಳೆಯಲಾರದ ಕೋಶಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೆಲಸಕ್ಕಿಳಿಯಬೇಕು.

ಹೆಚ್ಚಿನವರು ಎಡವುವುದು ಪುನರಾವರ್ತನೆಯಲ್ಲಿ. ಒಂದೇ ಕಲ್ಚರನ್ನು (ಬೆಳೆಸಿದ ಬ್ಯಾಕ್ಟೀರಿಯಾ ದ್ರಾವಣವನ್ನು) ಮೂರು ತಟ್ಟೆಗಳಿಗೆ ಹರಡಿದರೆ ಅದು ಮೂರು ಪ್ರಯೋಗವಾಗುವುದಿಲ್ಲ. ಆ ತಟ್ಟೆಗಳ ನಡುವಿನ ವ್ಯತ್ಯಾಸ ಪಿಪೆಟ್ ಹಿಡಿದ ಕೈಯ ಏರುಪೇರನ್ನೂ ಎಣಿಕೆಯ ಆಕಸ್ಮಿಕತೆಯನ್ನೂ ಮಾತ್ರ ತೋರಿಸುತ್ತದೆ. ಆದ್ದರಿಂದ ಬೇರೆ ಬೇರೆಯಾಗಿ ಬೆಳೆಸಿದ ಕನಿಷ್ಠ ಮೂರು ಕಲ್ಚರುಗಳನ್ನು ಬಳಸಿ, ಒಂದೊಂದು ಕಲ್ಚರಿನ ತಟ್ಟೆಗಳ ಸರಾಸರಿಯನ್ನು ಒಂದೇ ಅಂಕಿಯೆಂದು ಪರಿಗಣಿಸಿ.

ಎಣಿಕೆಗೆ 30ರಿಂದ 300 ಕಾಲೊನಿಗಳಿರುವ ತಟ್ಟೆಗಳನ್ನು ಆರಿಸುವ ರೂಢಿಗೆ ಕಾರಣವಿದೆ. ಆಕಸ್ಮಿಕ ಎಣಿಕೆಗಳ ಏರುಪೇರನ್ನು ಹೇಳುವ ಪಾಯ್ಸಾನ್ ವಿತರಣೆಯ ಪ್ರಕಾರ ಸರಾಸರಿ 100 ಕಾಲೊನಿಗಳಿದ್ದಲ್ಲಿ ಮಾನಕ ವಿಚಲನೆ (ಸರಾಸರಿಯ ಸುತ್ತಲಿನ ಹರಡು) 10, ಅಂದರೆ ಶೇ. 10, ಸರಾಸರಿ 4 ಇದ್ದಲ್ಲಿ ಅದು 2, ಅಂದರೆ ಶೇ. 50.

ಒಂದು ಲೆಕ್ಕ ನೋಡೋಣ. ಆರಂಭದಲ್ಲಿ 1 ಲಕ್ಷ ಪಟ್ಟು ತೆಳುಗೊಳಿಸಿದ ದ್ರಾವಣದ 0.1 ಮಿಲಿಲೀಟರ್‌ನಲ್ಲಿ 141 ಕಾಲೊನಿಗಳು ಬಂದರೆ ಮೂಲ ದ್ರಾವಣದ ಪ್ರತಿ ಮಿಲಿಲೀಟರ್‌ಗೆ 14.1 ಕೋಟಿ; ಇದರ ಲಾಗ್ (ಆಧಾರ 10) 8.15. ಬಿಸಿಯಲ್ಲಿ 20 ನಿಮಿಷ ಇಟ್ಟ ಮೇಲೆ 100 ಪಟ್ಟು ತೆಳುಗೊಳಿಸಿದ ಅಷ್ಟೇ ದ್ರಾವಣದಲ್ಲಿ 47 ಬಂದರೆ 47,000, ಲಾಗ್ 4.67. ಇಳಿಕೆ 3.48 ಲಾಗ್. ಸಮಯಕ್ಕೆ ಎದುರಾಗಿ ಲಾಗ್ ಅಂಕಿಗಳನ್ನು ಗುರುತಿಸಿದಾಗ ಇಳಿಕೆ ನೇರ ರೇಖೆಯಲ್ಲಿದ್ದರೆ ಮಾತ್ರ ಡಿ-ಮೌಲ್ಯ, ಅಂದರೆ ಸಂಖ್ಯೆ ಹತ್ತರಲ್ಲೊಂದು ಪಾಲಿಗೆ ಇಳಿಯಲು ಬೇಕಾದ ಸಮಯ, 20 ÷ 3.48 = 5.75 ನಿಮಿಷ.

ಆ "ಮಾತ್ರ" ಎಂಬ ಪದವನ್ನು ಹಗುರವಾಗಿ ಕಾಣಬೇಡಿ. ಸ್ಥಿರ ದರದ ಸಾವಿನ ಕಲ್ಪನೆ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಅವರ 1908ರ ಸಂಶೋಧನೆಯಷ್ಟು ಹಳೆಯದು, ಆದರೆ ನಿಜವಾದ ರೇಖೆಗೆ ಮೊದಲಲ್ಲಿ ಭುಜವೋ (ಇಳಿಕೆ ನಿಧಾನವಾಗಿ ಶುರುವಾಗುವ ಭಾಗ) ಕೊನೆಯಲ್ಲಿ ಬಾಲವೋ (ಇಳಿಕೆ ನಿಧಾನಗೊಳ್ಳುವ ಭಾಗ) ಇರುವುದು ಸಾಮಾನ್ಯ. ಆಗ ಬಾಗಿದ ರೇಖೆಗೂ ಹೊಂದುವ ವೈಬುಲ್ ಮಾದರಿ ಎಂಬ ಗಣಿತ ಸೂತ್ರ ಬಳಸಿ: ಅದರ ಆಕಾರ-ಗುಣಾಂಕ 1ಕ್ಕಿಂತ ಹೆಚ್ಚಿದ್ದರೆ ಭುಜ, ಕಡಿಮೆಯಿದ್ದರೆ ಬಾಲ, 1 ಆಗಿದ್ದರೆ ನೇರ ರೇಖೆ. ಎರಡು ಬಿಂದುಗಳಿಂದ ಆಕಾರ ತಿಳಿಯುವುದಿಲ್ಲವಾದ್ದರಿಂದ ಐದಾರು ಸಮಯಗಳಲ್ಲಾದರೂ ಸ್ಯಾಂಪಲ್ ತೆಗೆಯಬೇಕು.

ತಟ್ಟೆ ಖಾಲಿ ಬಂದಾಗ ಸೊನ್ನೆ ಬರೆದು, ಲಾಗ್ ಸಿಗದೆ, 1 ಕೂಡಿಸಿ ಮುಂದುವರಿಯುವುದು ನನ್ನ ದೃಷ್ಟಿಯಲ್ಲಿ ತಪ್ಪು. ತೆಳುಗೊಳಿಸದ 0.1 ಮಿಲಿಲೀಟರ್ ಹರಡಿದಾಗ ಒಂದು ಕಾಲೊನಿ ಎಂದರೆ ಮಿಲಿಲೀಟರ್‌ಗೆ 10. ಖಾಲಿ ತಟ್ಟೆಯನ್ನು "10ಕ್ಕಿಂತ ಕಡಿಮೆ" ಎಂದೇ ದಾಖಲಿಸಿ, ಅಂಥ ಮಿತಿಗೊಳಗಾದ ದತ್ತಾಂಶವನ್ನು ಒಪ್ಪುವ ಟೋಬಿಟ್ ಹಿಂಜರಿತ (ರಿಗ್ರೆಶನ್) ಎಂಬ ಸಂಖ್ಯಾಶಾಸ್ತ್ರೀಯ ವಿಧಾನಕ್ಕೆ ಅದನ್ನು ಒಪ್ಪಿಸಿ.