ವೆಬ್‌ಕ್ಯಾಮ್ ಚಿತ್ರ ಮಸುಕಾದಾಗ ದೋಷ ಹುಡುಕುವ ಕ್ರಮ

ವೆಬ್‌ಕ್ಯಾಮ್‌ನಲ್ಲಿ ಮುಖ ಮಸುಕಾಗಿ ಕಂಡೊಡನೆ ಹೊಸದನ್ನು ಕೊಳ್ಳಲು ಹೊರಡುವುದು ಆತುರದ ನಿರ್ಧಾರವಾಗುತ್ತದೆ. ಚಿತ್ರ ಎಲ್ಲಿ ಕೆಡುತ್ತಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ವಿಡಿಯೊ ಕರೆಯನ್ನು ಮುಗಿಸಿ, ವಿಂಡೋಸ್‌ನ ಕ್ಯಾಮೆರಾ ಆ್ಯಪ್ ಒಂದನ್ನೇ ತೆರೆದು ನೋಡಿ. ಅಲ್ಲಿ ಚಿತ್ರ ಸ್ಪಷ್ಟವಾಗಿದ್ದು ಕರೆಯಲ್ಲಿ ಮಾತ್ರ ಕೆಡುತ್ತಿದ್ದರೆ ಹೆಚ್ಚಾಗಿ ಅದು ಇಂಟರ್‌ನೆಟ್ಟಿನ ತೊಂದರೆ. ವೇಗ ಕುಸಿದಾಗ ಕರೆಯ ಆ್ಯಪ್ ತಾನಾಗಿಯೇ ರೆಸಲ್ಯೂಷನ್ ತಗ್ಗಿಸುತ್ತದೆ.

ಕ್ಯಾಮೆರಾ ಆ್ಯಪ್‌ನಲ್ಲೂ ಮಸುಕಾಗಿಯೇ ಇದ್ದರೆ ಲೆನ್ಸ್ ಕಡೆ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆಯುವಾಗ ಬೆರಳಿನ ಜಿಡ್ಡು ತಾಗುವುದು ಲೆನ್ಸಿಗೇ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು. ಹೊಸ ವೆಬ್‌ಕ್ಯಾಮ್ ಆಗಿದ್ದರೆ ಲೆನ್ಸ್ ಮೇಲಿನ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದೀರಾ ಎಂದು ನೋಡಿಕೊಳ್ಳಿ. ತಿಂಗಳುಗಟ್ಟಲೆ ಅದನ್ನು ಹಾಗೆಯೇ ಬಿಟ್ಟುಕೊಂಡವರೂ ಉಂಟು.

ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳ ಮೂಲ ಬೆಳಕು. ವೆಬ್‌ಕ್ಯಾಮ್‌ನಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್ ಬಹಳ ಚಿಕ್ಕದು. ಬೆಳಕು ಸಾಲದಿದ್ದಾಗ ಅದು ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಮತ್ತು ಸಿಕ್ಕ ಸಂಕೇತವನ್ನೇ ಹಿಗ್ಗಿಸುತ್ತದೆ. ಮೊದಲನೆಯದರಿಂದ ಕೈಯಾಡಿಸಿದರೆ ಚಿತ್ರ ಎಳೆದಂತಾಗುತ್ತದೆ, ಎರಡನೆಯದರಿಂದ ರವೆಯಂತಹ ಚುಕ್ಕಿಗಳು ಏಳುತ್ತವೆ. ಇವೆರಡೂ ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಬ್ರೈಟ್‌ನೆಸ್ ಏರಿಸಿ ಪ್ರಯೋಜನವಿಲ್ಲ, ಚುಕ್ಕಿಗಳೂ ಅದರೊಡನೆ ಬೆಳಗುತ್ತವೆ. ಕಿಟಕಿ ಬೆನ್ನ ಹಿಂದಿದ್ದರೆ ಕ್ಯಾಮೆರಾ ಕಿಟಕಿಯ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ಮೇಜನ್ನು ತಿರುಗಿಸಿ ಕಿಟಕಿಗೆ ಎದುರಾಗಿ ಕುಳಿತುಕೊಳ್ಳಿ. ರಾತ್ರಿಯಾದರೆ ಟೇಬಲ್ ಲ್ಯಾಂಪನ್ನು ಎದುರಿನ ಗೋಡೆಗೆ ತಿರುಗಿಸಿಟ್ಟರೆ, ಕಣ್ಣಿಗೆ ಚುಚ್ಚದ ಹರಡಿದ ಬೆಳಕು ಮುಖದ ಮೇಲೆ ಬೀಳುತ್ತದೆ.

ಚಿತ್ರದಲ್ಲಿ ಅಡ್ಡಪಟ್ಟಿಗಳು ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದರೆ ಕಾರಣ ಬೇರೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಟ್ಯೂಬ್‌ಲೈಟುಗಳೂ ಕೆಲವು ಅಗ್ಗದ ಎಲ್ಇಡಿ ಬಲ್ಬುಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ ಅಮೆರಿಕದ ವಿದ್ಯುತ್ತಿಗೆ ತಕ್ಕಂತೆ 60 ಹರ್ಟ್ಸ್‌ಗೆ ಹೊಂದಿಸಿದ ಕ್ಯಾಮೆರಾ ಈ ಮಿನುಗಿನೊಡನೆ ಹೆಜ್ಜೆ ತಪ್ಪುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ 'ಪವರ್‌ಲೈನ್ ಫ್ರೀಕ್ವೆನ್ಸಿ' ಅಥವಾ 'ಆ್ಯಂಟಿ ಫ್ಲಿಕರ್' ಎಂಬ ಆಯ್ಕೆಯನ್ನು ಹುಡುಕಿ 50ಕ್ಕೆ ಬದಲಿಸಿ.

ಇನ್ನು ಚಿತ್ರ ತಡವರಿಸುತ್ತಾ ಬರುತ್ತಿದ್ದರೆ ಹಲವು ಸಾಧನಗಳನ್ನು ಒಂದೇ ಪೋರ್ಟಿಗೆ ಜೋಡಿಸುವ ಯುಎಸ್‌ಬಿ ಹಬ್ಬನ್ನು ಬಿಟ್ಟು ವೆಬ್‌ಕ್ಯಾಮನ್ನು ನೇರವಾಗಿ ಕಂಪ್ಯೂಟರಿನ ಪೋರ್ಟಿಗೇ ಚುಚ್ಚಿ. ಯುಎಸ್‌ಬಿ 2.0 ಮಾರ್ಗದ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಅದೇ ಹಬ್ಬಿನಲ್ಲಿ ಹಾರ್ಡ್ ಡಿಸ್ಕ್ ಕೂಡ ಇದ್ದರೆ ಎರಡೂ ಅದನ್ನೇ ಹಂಚಿಕೊಳ್ಳಬೇಕು.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಹಗಲು ಬೆಳಕಿನಲ್ಲಿ ನೋಡಿ. ಅಲ್ಲಿ ಸರಿಯಾಗಿ ಬಂದರೆ ನಿಮ್ಮ ಕಂಪ್ಯೂಟರಿನಲ್ಲಿ ಕ್ಯಾಮೆರಾವನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ತೆಗೆದು ಮತ್ತೆ ಹಾಕಬೇಕು. ಅಲ್ಲಿಯೂ ಮಸುಕಾಗಿದ್ದರೆ ಆಗ ಹೊಸ ಕ್ಯಾಮೆರಾದ ಮಾತು.